ಐದು ಡಾಲರ್ ಟಿಕೆಟ್, ಹನ್ನೊಂದು ಶಾಲು

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಚಿಕ್ಕ ಕನ್ನಡ ಸಂಘಕ್ಕೆ ನಾನು ನಾಲ್ಕು ವರ್ಷದಿಂದ ಖಜಾಂಚಿ. ಲೆಕ್ಕ ಬರೆಯೋದು ಎರಡನೆಯ ಕೆಲಸ. ಮೊದಲ ಕೆಲಸ, ಸ್ಮರಣ ಸಂಚಿಕೆಗೆ ಜಾಹೀರಾತು ಕೇಳುತ್ತಾ ಹೋಟೆಲಿನಿಂದ ಹೋಟೆಲಿಗೆ ಅಲೆಯೋದು. ಒಳಪುಟಕ್ಕೆ ಇಷ್ಟು, ಹಿಂದಿನ ರಕ್ಷಾಪುಟಕ್ಕೆ ಇಷ್ಟು. ಧಣಿಗಳು ಚಾ ಕುಡಿಸುತ್ತಾರೆ, ಚೆಕ್ಕನ್ನೂ ಕೊಡುತ್ತಾರೆ. ಆಮೇಲೆ ಅವರಿಗೆ ವೇದಿಕೆ ಮೇಲೆ ಒಂದು ಕುರ್ಚಿ ಬೇಕಾಗುತ್ತದೆ. ಅವರದ್ದೇನೂ ತಪ್ಪಿಲ್ಲ, ಆ ರೂಢಿ ಮಾಡಿಸಿದ್ದೇ ನಾವು.

ಮೇ ಕೊನೆಯ ಪತ್ತನಾಜೆಗೆ ಊರಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಕಳೆದ ವರ್ಷ ನಾವೂ ಒಂದು ಆಟ ಆಡಿಸಿದೆವು. ಆರು ಗಂಟೆಗೆ ಶುರು ಅಂತ ಕಾರ್ಡು ಹಂಚಿದ್ದೆವು. ಶಾಲು, ಹಾರ, ಫಲಪುಷ್ಪ, ಭಾಷಣ ಮುಗಿಯುವಾಗ ಎಂಟೂವರೆ. ಹತ್ತಕ್ಕೆ ಹಾಲ್ ಬಿಟ್ಟುಕೊಡಬೇಕು. ಭಾಗವತರು ಪ್ರಸಂಗದ ಅರ್ಧದಷ್ಟು ಪದ್ಯಗಳನ್ನು ಕತ್ತರಿಸಿ ಹೇಗೋ ಮಂಗಳ ಹಾಡಿದರು. ದುಡ್ಡು ಕೊಟ್ಟು ಬಂದ ಜನ ನೋಡಿದ್ದು ಆಟಕ್ಕಿಂತ ಜಾಸ್ತಿ ನಮ್ಮ ಸನ್ಮಾನವನ್ನು.

ಮನೆಗೆ ಬರುವಾಗ ಲೋಕಲ್‌ನಲ್ಲಿ ಮಗಳು, "ಪಪ್ಪಾ, ನಿಮ್ಮ ಸಂಘದವರಿಗೆ ಇಯಾನ್ ಮೆಕಾಯ್ ಬೇಕು" ಅಂದಳು. ಯಾರೋ ಭಾಷಣಕಾರ ಅಂದುಕೊಂಡೆ. ನೋಡಿದರೆ ಅಮೆರಿಕದ ವಾಷಿಂಗ್ಟನ್‌ನ ಗಾಯಕ, ಪಂಕ್ ಅನ್ನುವ ಅಬ್ಬರದ ರಾಕ್ ಸಂಗೀತದವರು. ಫುಗಾಜಿ ಅನ್ನುವ ತಂಡ ಅವರದ್ದು, 1987ರಲ್ಲಿ ಮೊದಲ ಪ್ರದರ್ಶನ. ಹಾಡು ಕೇಳಿದೆ. ಯಾರೋ ಗಿಟಾರ್ ಮೇಲೆ ಸೇಡು ತೀರಿಸಿಕೊಳ್ಳುವ ಹಾಗಿತ್ತು, ನನಗೆ ಹಿಡಿಸಲಿಲ್ಲ. ಲೆಕ್ಕ ಮಾತ್ರ ತುಂಬಾ ಹಿಡಿಸಿತು.

ಬಹುಕಾಲ ಆ ತಂಡದ ಟಿಕೆಟ್ ಬರೀ 5 ಡಾಲರ್ ಇತ್ತು. ಯಾವ ವಯಸ್ಸಿನವರೂ ಬರಬಹುದಿತ್ತು. ಅಲ್ಲಿ ಹಾಡು ನಡೆಯೋದು ಹೆಚ್ಚಾಗಿ ಬಾರ್‌ಗಳಲ್ಲಿ, ಶಾಲೆ ಹುಡುಗರನ್ನು ಒಳಗೆ ಬಿಡೋದಿಲ್ಲ. ಅದಕ್ಕೇ ಇವರು ಚರ್ಚಿನ ಸಭಾಂಗಣ, ಸಮುದಾಯ ಭವನ ಹುಡುಕಿಕೊಂಡು ಹೋದರು. ಮ್ಯಾನೇಜರ್ ಇರಲಿಲ್ಲ, ಕಾರ್ಯಕ್ರಮ ಗೊತ್ತು ಮಾಡುತ್ತಿದ್ದದ್ದು ಮೆಕಾಯ್ ಅವರೇ. ಟೀ ಶರ್ಟ್ ಮಾರಾಟವೂ ಇರಲಿಲ್ಲ. ಗುಂಪಿನಲ್ಲಿ ಯಾರಾದರೂ ಬೇರೆಯವರ ಮೈಮೇಲೆ ಬಿದ್ದು ಪುಂಡಾಟ ಮಾಡಿದರೆ ಹಾಡು ನಿಲ್ಲಿಸಿ, ಅವನ 5 ಡಾಲರ್ ಲಕೋಟೆಯಲ್ಲಿ ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿದ್ದರಂತೆ. ಖಜಾಂಚಿಯಾಗಿ ನನಗೆ ಆ ಲಕೋಟೆಯ ಮೇಲೆಯೇ ಕಣ್ಣು.

ಮೆಕಾಯ್ ಅವರ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ಇನ್ನೂ ಹಳೆಯದು. 1980ರಲ್ಲಿ ಶುರು. ಹುಡುಗರಾಗಿದ್ದಾಗ ಅವರಿಗೂ ಗೆಳೆಯರಿಗೂ ಟೀನ್ ಐಡಲ್ಸ್ ಅನ್ನುವ ತಂಡ ಇತ್ತು. ಅದು ಒಡೆಯುವಾಗ ಕೂಡಿಟ್ಟ ದುಡ್ಡನ್ನು ಹಂಚಿಕೊಳ್ಳದೆ ರೆಕಾರ್ಡ್‌ಗೆ ಹಾಕಿದರು. ಹೊದಿಕೆಯ ಕಾಗದವನ್ನು ಕೂತು ಮಡಚಿ ಅಂಟಿಸಿದ್ದೂ ಅವರೇ. ಹೆಚ್ಚುಕಡಿಮೆ ತಮ್ಮ ಊರಿನ ತಂಡಗಳ ರೆಕಾರ್ಡ್ ಮಾತ್ರ ತರುತ್ತಾರೆ. ಕಾಗದದ ಒಪ್ಪಂದ ಇಲ್ಲ, ಖರ್ಚು ಕಳೆದು ಲಾಭ ಹಂಚಿಕೆ. ಮುಂಬಯಿಯಲ್ಲಿ ನಮ್ಮ ಹಿರಿಯರು ಪಾಲುದಾರಿಕೆಯಲ್ಲಿ ಹೋಟೆಲ್ ನಡೆಸಿದ್ದೂ ಬಾಯಿಮಾತಿನ ಮೇಲೆಯೇ ಅಲ್ವಾ? ಅದರಲ್ಲಿ ಕೋರ್ಟಿಗೆ ಹೋದವೂ ಇವೆ, ಆ ಮಾತು ಬೇರೆ.

ತಮ್ಮ ಊರಿನಲ್ಲಿ ಫುಗಾಜಿ ಹಾಡಿದ್ದು ಹೆಚ್ಚಾಗಿ ಸಹಾಯಾರ್ಥ, ಇಲ್ಲವೇ ಪುಕ್ಕಟೆ. 1991ರ ಜನವರಿಯ ಚಳಿಯಲ್ಲಿ ಶ್ವೇತಭವನದ ಎದುರಿನ ಉದ್ಯಾನದಲ್ಲಿ ಕೊಲ್ಲಿ ಯುದ್ಧ ಬೇಡ ಅಂತ ಹಾಡಿದರು. ಬೇಸಿಗೆಯಲ್ಲಿ ಫೋರ್ಟ್ ರೀನೋ ಪಾರ್ಕಿನ ಬಯಲಿನಲ್ಲಿ ಹಾಡುತ್ತಿದ್ದರು. ಜನ ಮಕ್ಕಳನ್ನು ಕಟ್ಟಿಕೊಂಡು ಬಂದು ಹುಲ್ಲಿನ ಮೇಲೆ ಕೂತು ಕೇಳೋದು. ಚಾಪೆ ಸುತ್ತಿಕೊಂಡು ಗದ್ದೆಯ ಬಯಲಾಟಕ್ಕೆ ಹೋದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಇಂಥದ್ದು ಇರಲೇ ಇಲ್ಲ ಅಂತಲ್ಲ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗರು ಓದಲಿ ಅಂತ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದ್ದು ನಮ್ಮವರೇ. ಮಾಟುಂಗದ ರಾಮ ನಾಯಕರ ಬೋರ್ಡಿಂಗ್ 1942ರದ್ದು. ಇವತ್ತೂ ಅಲ್ಲಿ ಕೂಪನ್ ತಗೊಂಡು ನಮ್ಮ ಸರದಿಗೆ ಕಾಯಬೇಕು. ಎಲೆಯ ಮುಂದೆ ಗಣ್ಯರಿಗೆ ಬೇರೆ ಸಾಲಿಲ್ಲ. ಊಟಕ್ಕೆ ಗೊತ್ತಿರುವ ಈ ನ್ಯಾಯ ಆಟಕ್ಕೆ ಯಾಕಿಲ್ಲ?

ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಫುಗಾಜಿಯವರು ಟಿಕೆಟ್ ದರ ಮೊದಲು ಗೊತ್ತು ಮಾಡಿ ಖರ್ಚನ್ನು ಅದಕ್ಕೆ ಬಗ್ಗಿಸಿದರು. ಸ್ವಂತ ವ್ಯಾನು, ಗೆಳೆಯರ ಮನೆಯಲ್ಲಿ ಮಲಗೋದು. ನಾವು ಮೊದಲು ಖರ್ಚು ಬರೆಯುತ್ತೇವೆ, ಆಮೇಲೆ ಯಾರ ಬಾಗಿಲು ತಟ್ಟೋದು ಅಂತ ಯೋಚಿಸುತ್ತೇವೆ. ಅವರ ರೆಕಾರ್ಡ್ ಚೆನ್ನಾಗಿ ಮಾರಾಟವಾಗುತ್ತಿತ್ತು, ಹಾಗಾಗಿ ಹಟ ನಡೆಯಿತು ಅನ್ನಬಹುದು. ನಿಜ. ಆದರೆ ನಮ್ಮ ಖರ್ಚಿನ ಪಟ್ಟಿಯಲ್ಲಿ ಕಲಾವಿದರ ಸಂಭಾವನೆಗಿಂತ ಊಟ, ಹಾರ, ಸಂಚಿಕೆ ಎಲ್ಲ ಸೇರಿ ಜಾಸ್ತಿ ಇತ್ತು. ಅದನ್ನು ಬರೆದ ಕೈ ನನ್ನದೇ.

ಹೋದ ಭಾನುವಾರ ಸಮಿತಿಯಲ್ಲಿ ಹೇಳಿದೆ. ಶಾಲೆಯ ಹಾಲ್, ಟಿಕೆಟ್ 150 ರೂಪಾಯಿ, ಸಂಚಿಕೆ ಬೇಡ, ಊಟ ಬೇಡ. "ಊಟ ಇಲ್ಲದಿದ್ದರೆ ಯಾರು ಬರ್ತಾರೆ ಮಾರಾಯ್ರೆ?" ಅಂದರು ಅಧ್ಯಕ್ಷರು. ಕೊನೆಗೆ ಚಾ ಮತ್ತು ಗೋಳಿಬಜೆಗೆ ರಾಜಿಯಾಯಿತು. ಭಾಷಣ ಒಂದೇ, ಐದು ನಿಮಿಷ. ಕಳೆದ ವರ್ಷ ಉಳಿದ ಹನ್ನೊಂದು ಶಾಲು ಇನ್ನೂ ಕಪಾಟಿನಲ್ಲಿವೆ. ಅವನ್ನೇನು ಮಾಡೋದು ಅನ್ನುವ ಚರ್ಚೆ ಮುಂದಿನ ಸಭೆಗೆ ಹೋಗಿದೆ.