ಸ್ಪಷ್ಟನೆ: ಗೇಟ್ ಬಂದ್ ಇದ್ದರೂ ಆಲಮಟ್ಟಿ ಕೆಳಗೆ ನೀರು ಏರುತ್ತದೆ

"ಆಲಮಟ್ಟಿ ಗೇಟ್ ಬಂದ್ ಆಗಿವೆ, ನಮ್ಮಲ್ಲಿ ಮಳೆಯೂ ಇಲ್ಲ, ಕೆಳಗಿನ ಹೊಳೆಗೆ ಆರಾಮಾಗಿ ಇಳಿಯಬಹುದು" ಅನ್ನೋ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದನ್ನು ನಂಬಬೇಡಿ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ 26 ಗೇಟ್‌ಗಳು ಕಣ್ಣಿಗೆ ಕಾಣುತ್ತವೆ, ಹಾಗಾಗಿ ಎಲ್ಲರೂ ಅವನ್ನೇ ನೋಡುತ್ತಾರೆ. ಆದರೆ ಅಲ್ಲಿ 290 ಮೆಗಾವ್ಯಾಟ್‌ನ ವಿದ್ಯುತ್ ಘಟಕವೂ ಇದೆ. ಟರ್ಬೈನ್ ತಿರುಗಿಸಿದ ನೀರು ಎಲ್ಲಿಗೆ ಹೋಗಬೇಕು? ಅದೇ ಹೊಳೆಗೆ. ಟರ್ಬೈನ್ ಶುರುವಾಗಲು ಕೆಲವೇ ನಿಮಿಷ ಸಾಕು, ಒಂದೂ ಗೇಟ್ ಎತ್ತಬೇಕಿಲ್ಲ. ಬಿಡುವ ನೀರು 10,000 ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 2.8 ಲಕ್ಷ ಲೀಟರ್. ಸುದ್ದಿಯಲ್ಲಿ ಕೇಳಿದಾಗ ಸಣ್ಣ ಸಂಖ್ಯೆ ಅನ್ನಿಸುತ್ತೆ, ಅಲ್ವಾ?

ಮಳೆಯ ಮಾತಂತೂ ಇನ್ನೂ ತಪ್ಪು. ಕೃಷ್ಣೆ ಹುಟ್ಟೋದು ಮಹಾಬಳೇಶ್ವರದಲ್ಲಿ. ವಿಜಯಪುರದಲ್ಲಿ ಬಿಸಿಲು ಸುಡುತ್ತಿದ್ದಾಗಲೇ ಸಾತಾರಾ, ಕೊಲ್ಹಾಪುರದ ಮಳೆ ಇಲ್ಲಿ ಹೊಳೆ ತುಂಬಿಸುತ್ತದೆ.

ಅಣೆಕಟ್ಟಿನ ಸೈರನ್ ಕೇಳಿಸಿದ ಮೇಲೆ ಎದ್ದರಾಯ್ತು ಅನ್ನುವವರೂ ಇದ್ದಾರೆ. ಗಾಳಿ ಆ ಕಡೆಗಿದ್ದರೆ, ಪಕ್ಕದಲ್ಲೇ ಪಂಪ್‌ಸೆಟ್ ಓಡುತ್ತಿದ್ದರೆ ಏನು ಕೇಳಿಸೀತು!

ದನ ತೊಳೆಯಲು, ಮೋಟಾರು ಸರಿಸಲು ಹೋಗಲೇಬೇಕಾದವರು ದಂಡೆಯ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ. ಅದು ಮುಳುಗತೊಡಗಿದರೆ, ತಿಳಿನೀರು ರಾಡಿಯಾದರೆ, ಕಸಕಡ್ಡಿ ತೇಲಿ ಬಂದರೆ ತಕ್ಷಣ ಮೇಲೆ ಬನ್ನಿ. ಮೋಟಾರು ಹೋದರೆ ಹೋಗಲಿ. ನಡುಗಡ್ಡೆಯಲ್ಲಿ ಯಾರಾದರೂ ಸಿಕ್ಕಿಕೊಂಡರೆ ಸುಮ್ನೆ ಈಜಿ ಹೋಗಬೇಡಿ, 112ಕ್ಕೆ ಫೋನ್ ಮಾಡಿ.