ಕ್ಲಚ್ಚಿನ ಕೊಂಡಿ ನಮ್ಮ ಓಣಿದು

ಹೋದ ತಿಂಗಳು ನಮ್ಮ ಅಕ್ಕನ ಮಗಳು ಬೆಂಗಳೂರಿಂದ ಬೀದರಿಗೆ ಬಂದಿದ್ದಳು. ಗೆಳತಿಯ ಮದುವೆಗೆ ಅಂತ ಅಂಗೈಯಗಲದ ಒಂದು ಕ್ಲಚ್ (ಕೈಯಲ್ಲಿ ಹಿಡಿಯೋ ಸಣ್ಣ ಪರ್ಸು) ತಗೊಂಡಿದ್ದಳು. ಬೆಲೆ 14 ಸಾವಿರ. "ಚಿಗವ್ವಾ, ಲಿಮಿಟೆಡ್ ಪೀಸ್ ಇದು" ಅಂತ ಕೈಗೆ ಕೊಟ್ಟಳು. ರೇಷ್ಮೆ ಚೆನ್ನಾಗಿತ್ತು. ಒಳಗಿನ ಅಸ್ತರ್ ಹೊಲಿಗೆ ಸುಮಾರು. (ಟೈಲರ್ ಕಣ್ಣು, ಸುಮ್ನಿರಲ್ಲ.) ಆಮೇಲೆ ಕೊಂಡಿ ನೋಡಿದೆ. ಕಪ್ಪು ಲೋಹ, ಅದರ ಮೇಲೆ ಬೆಳ್ಳಿಯ ಬಳ್ಳಿ. ಟ್ಯಾಗ್ ಮೇಲೆ ಏನು ಬರೆದಿತ್ತು ಗೊತ್ತಾ? "ಮೊಘಲ್ ಇನ್‌ಲೇ ವರ್ಕ್".

ನನ್ನ ಅಂಗಡಿ ಇರೋದು ಬೀದರಿನ ಹಳೇ ಕಾವಲು ಗೋಪುರ ಚೌಬಾರದ ಹತ್ತಿರ. ಹಿಂದಿನ ಓಣಿಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಬಿದ್ರಿ ಕೆಲಸದ, ಅಂದ್ರೆ ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸೋ ಕೆಲಸದ, ಟಕ್ ಟಕ್ ಸದ್ದು. ನನ್ನ ಮಷೀನು ನಿಂತಾಗ ಅದೇ ಕೇಳುತ್ತೆ. ಕ್ಲಚ್ ತಗೊಂಡು ಸೀದಾ ಅಲ್ಲಿಗೆ ಹೋದೆ. ಅಲ್ಲಿನ ಹಿರಿಯ ಕೆಲಸಗಾರ ಚಾಚಾ ಕನ್ನಡಕ ಒರೆಸಿಕೊಂಡು ಕೊಂಡಿಯನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಒಂದು ಸಲ ಸವರಿದರು. "ಬಳ್ಳಿ ತುದಿ ಹಿಂಗ ಒಳಗ ಹೊಳ್ಳಸಾಂವ ಇಲ್ಲಿ ಒಬ್ಬನೇ ಬೇಟಿ. ಆ ಮೂಲಿಮನಿ ಹುಡುಗ."

ಹೌದು, ಅವನದೇ. ಐವತ್ತು ಕೊಂಡಿಯ ಆರ್ಡರ್ ಬಂದಿತ್ತಂತೆ. ಒಂದಕ್ಕೆ 600 ರೂಪಾಯಿ, ಬೆಳ್ಳಿ ಆರ್ಡರ್ ಕೊಟ್ಟವರದೇ. ಎಲ್ಲಿಗೆ ಹೋಯ್ತು, ಯಾತಕ್ಕೆ ಹಚ್ಚಿದರು, ಅವನಿಗೆ ಗೊತ್ತಿಲ್ಲ. ಕ್ಲಚ್ ತೋರಿಸಿದರೆ ನಕ್ಕು, ಫೋಟೋ ತೆಗೆದುಕೊಂಡ.

ಈ ಕೆಲಸ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಕರಗಿಸಿ ಮರಳಿನ ಅಚ್ಚಿಗೆ ಹೊಯ್ತಾರೆ, ಅರದಿಂದ ಉಜ್ಜಿ ನುಣುಪು ಮಾಡ್ತಾರೆ. ಆಮೇಲೆ ಮೈಲುತುತ್ತದ ನೀರು ಸವರಿದರೆ ಮೇಲ್ಮೈ ಕಪ್ಪಾಗುತ್ತೆ, ಗೀಚಿದ ಗೆರೆ ಎದ್ದು ಕಾಣುತ್ತೆ. ಚಿತ್ರವನ್ನು ಮುಳ್ಳಿನಂಥ ಉಳಿಯಿಂದ ಕೈಯಲ್ಲೇ ಬರೀತಾರೆ. ನಂತರ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡೀತಾರೆ. ಮತ್ತೆ ಉಜ್ಜಿದಾಗ ಆ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗಲ್ಲ. ಅಷ್ಟು ದಿನದ ಕೆಲಸ ಅಳಿಸಿಹೋಯ್ತೇನೋ ಅನ್ನಿಸುತ್ತೆ. ಕೊನೆಗೆ ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ತಿಕ್ಕುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಎಲ್ಲಾ ಮಣ್ಣೂ ನಡೆಯಲ್ಲ. ವರ್ಷಗಟ್ಟಲೆ ಬಿಸಿಲು ಮಳೆ ತಾಗದ ಜಾಗದ್ದೇ ಬೇಕು. ಚಾಚಾ ಆ ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುತ್ತಾರೆ.

ಈಗ ನನ್ನ ತಕರಾರಿಗೆ ಬರ್ತೀನಿ.

ದೊಡ್ಡ ಫ್ಯಾಷನ್ ಮನೆಗಳು ಕಲೆಯನ್ನು ಗೌರವಿಸ್ತೀವಿ ಅಂತ ಹೇಳ್ತಾನೇ ಇರುತ್ತವೆ. 2003ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಬ್ಯಾಗಿನ ಮೇಲೆ ಜಪಾನಿನ ಕಲಾವಿದ ತಕಾಶಿ ಮುರಕಾಮಿ ಬಣ್ಣ ಹಚ್ಚಿದರು. ಬ್ಯಾಗಿನಷ್ಟೇ ಅವರ ಹೆಸರೂ ಮಾರಾಟವಾಯ್ತು. 2023ರಲ್ಲಿ ಅದೇ ಕಂಪನಿ ಜಪಾನಿನ ಕಲಾವಿದೆ ಯಯೋಯಿ ಕುಸಾಮಾ ಅವರ ಚುಕ್ಕಿಗಳನ್ನು ತಂದಾಗ, ನ್ಯೂಯಾರ್ಕ್ ಅಂಗಡಿಯ ಗಾಜಿನ ಹಿಂದೆ ಅವರದೇ ರೂಪದ ರೋಬೋ ನಿಂತು ಚುಕ್ಕಿ ಬಿಡಿಸುತ್ತಿತ್ತು. ಬರೀ ಹೆಸರಲ್ಲ, ಆಳನ್ನೇ ನಿಲ್ಲಿಸಿದರು ಅನ್ನಿ.

ನನಗೆ ಇನ್ನೂ ಇಷ್ಟವಾದದ್ದು 1965ರ ಮಾಂಡ್ರಿಯನ್ ಡ್ರೆಸ್. ಚಿತ್ರಕಾರ ಮಾಂಡ್ರಿಯನ್ ಅವರ ಚಿತ್ರ ನೋಡಿ ಫ್ರಾನ್ಸಿನ ಡಿಸೈನರ್ ಈವ್ ಸೇಂಟ್ ಲೊರಾನ್ ಮಾಡಿದ್ದು. ಬಿಳಿ, ಕೆಂಪು, ಹಳದಿ, ನೀಲಿ ಚೌಕಗಳು, ನಡುವೆ ಕಪ್ಪು ಪಟ್ಟಿ. ನೋಡೋರು ಪ್ರಿಂಟ್ ಅಂದುಕೊಳ್ತಾರೆ. ಅಲ್ಲ. ಒಂದೊಂದು ಬಣ್ಣವೂ ಬೇರೆ ಬೇರೆ ತುಂಡು. ಮೈಯ ಆಕಾರಕ್ಕೆ ಹಾಕಬೇಕಾದ ಟಕ್ಸನ್ನು ಆ ಜೋಡಣೆಯಲ್ಲೇ ಬಚ್ಚಿಟ್ಟಿದ್ದಾರೆ. ಇಪ್ಪತ್ತು ವರ್ಷ ಕತ್ತರಿ ಹಿಡಿದವಳಾಗಿ ಹೇಳ್ತೀನಿ, ಅದು ಹುಡುಗಾಟ ಅಲ್ಲ. ಮಾಂಡ್ರಿಯನ್ ತೀರಿಕೊಂಡಿದ್ದು 1944ರಲ್ಲಿ. ಅವರನ್ನು ಯಾರೂ ಕೇಳಿರಲಿಲ್ಲ. ಆದರೂ ಇವತ್ತಿಗೂ ಆ ಡ್ರೆಸ್ಸಿಗೆ ಅವರದೇ ಹೆಸರು.

ಅದೇ 2025ರ ಜೂನಿನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನು ತೋರಿಸಿದಾಗ? ಬರೀ "ಲೆದರ್ ಸ್ಯಾಂಡಲ್". ಕೊಲ್ಹಾಪುರಿಗೆ 2019ರಿಂದ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಇದೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗೆ, ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ. ಗಲಾಟೆ ಆದಮೇಲೆ ಕಂಪನಿ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ ಒಪ್ಪಂದ. ಒಂದು ಜೊತೆ ಚಪ್ಪಲಿಯ ಬೆಲೆ ಸುಮಾರು 800 ಯೂರೋ ಅಂತ. ಒಳ್ಳೇದೇ ಆಯ್ತು. ಆದರೆ ಗಲಾಟೆ ಆಗಬೇಕಾಯ್ತಲ್ಲ?

ಚಿತ್ರ ಬರೆದವನಾದರೆ ಹೆಸರು, ಕೈಕೆಲಸದವನಾದರೆ ಬರೀ "ಸ್ಫೂರ್ತಿ". ನನಗೆ ಉರಿಯೋದು ಇಲ್ಲೇ. "ನಮ್ಮ ಸಂಸ್ಕೃತಿ ಕದ್ದರು" ಅನ್ನೋ ಕೂಗಿಗೆ ನಾನು ದನಿಗೂಡಿಸಲ್ಲ. ಬಿದ್ರಿಯೇ ಇರಾನಿನ ಕಡೆಯ ಕುಶಲಕರ್ಮಿಗಳ ಜೊತೆ ಬಹಮನಿಗಳ ಕಾಲದಲ್ಲಿ ಬಂದು, ನಮ್ಮ ಮಣ್ಣಲ್ಲಿ ಕಪ್ಪಾದದ್ದು ಅಂತಾರೆ. ಇಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಕೂಡ ಇರಾನಿನ ಗೀಲಾನಿನವನು. ತಗೊಳ್ಳಲಿ, ಕೊಡಲಿ. ಯಾರದ್ದು ಅಂತ ಬರೀಲಿ, ದುಡ್ಡು ಕೊಡಲಿ.

ಇನ್ನೊಂದು ಮಾತು. ಕದ್ದರು ಅಂತ ಪೋಸ್ಟ್ ಹಾಕೋರೇ ಚೌಬಾರದ ಅಂಗಡಿಯಲ್ಲಿ ಬಿದ್ರಿ ಉಂಗುರಕ್ಕೆ ಐವತ್ತು ರೂಪಾಯಿ ಕಮ್ಮಿ ಮಾಡ್ರಿ ಅಂತ ಅರ್ಧ ಗಂಟೆ ನಿಂತಿದ್ದನ್ನು ನೋಡಿದ್ದೀನಿ.

ಬಿದ್ರಿಗೆ ಜಿಐ ಸಿಕ್ಕಿದ್ದು 2006ರಲ್ಲಿ. ಅದರಿಂದ ಊರಿನ ಹೆಸರು ಗಟ್ಟಿಯಾಯ್ತು, ಮಾಡಿದವನ ಹೆಸರು ಬರಲಿಲ್ಲ. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಖುಷಿಪಟ್ಟಿತು. ಮೂಲಿಮನೆ ಹುಡುಗನಂಥವರಿಗೆ? "ಕೊಂಡಿ ಕೆಳಗ ನಿನ್ನ ಹೆಸರು ಕೆತ್ತಬಾರದೇನೋ?" ಅಂತ ಅವನನ್ನು ಕೇಳಿದೆ. "ಹೆಸರು ಹಾಕಿದ್ರ ಸೇಠ್ ತಗೊಳಲ್ಲಕ್ಕಾ. ಗಿರಾಕಿ ಸೀದಾ ನನ್ನ ಬಲ್ಲಿ ಬರ್ತಾರಲ್ಲ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನೇನು ಸಾಚಾ ಅಲ್ಲ. ವಾರಕ್ಕೆ ನಾಲ್ಕು ಜನ ಮೊಬೈಲ್ ಹಿಡಕೊಂಡು ಬರ್ತಾರೆ. "ಅಕ್ಕಾ, ಸೇಮ್ ಇದೇ ಥರ ಬೇಕು." ಯಾವುದೋ ದೊಡ್ಡ ಡಿಸೈನರ್ ಬ್ಲೌಸ್. ಫೋಟೋ ದೊಡ್ಡದು ಮಾಡಿ ನೋಡಿ, 1,200 ರೂಪಾಯಿಗೆ ಹೊಲಿದು ಕೊಡ್ತೀನಿ. ಆ ಡಿಸೈನರ್ ಹೆಸರು ಗಿರಾಕಿಗೂ ಗೊತ್ತಿರಲ್ಲ, ನಾನೂ ಕೇಳಲ್ಲ. ಮಕ್ಕಳ ಫೀಸು ಕಟ್ಟಬೇಕು ಅನ್ನೋದು ನನ್ನ ಸಮರ್ಥನೆ. ಪ್ರಾಡಾಗೆ ಆ ತಾಪತ್ರಯ ಇಲ್ಲ ಅಂದುಕೊಂಡಿದ್ದೀನಿ.

ಈ ಕ್ಲಚ್ ಪ್ರಸಂಗ ಆದಮೇಲೆ ಹಟಕ್ಕೆ ಬಿದ್ದು ನನ್ನ ಹೆಸರಿನದೇ ಲೇಬಲ್ ಮಾಡಿಸಿದೆ. ಐನೂರು ಪೀಸು, ಕೆಂಪು ಅಕ್ಷರ, ಬೀದರ್ ಅಂತಾನೂ ಇದೆ. ಪ್ರತಿ ಬ್ಲೌಸಿನ ಬೆನ್ನಿಗೆ, ಒಳಗಡೆ ಹಚ್ಚುತ್ತಿದ್ದೀನಿ. ಮೊನ್ನೆ ಒಬ್ಬರು ಬ್ಲೌಸ್ ವಾಪಸ್ ತಂದು, ಕುತ್ತಿಗೆಗೆ ಚುಚ್ಚುತ್ತೆ ಅಂತ ಅದನ್ನು ಕಿತ್ತಿಸಿಕೊಂಡು ಹೋದರು.