ಕಿಟಕಿ ಮೇಲೊಂದು ಇಂಟು ಮಾರ್ಕ್

ಹೋಟೆಲ್‌ನೋರು ರೂಮಿನ ಮೇಜಿನ ಮೇಲೆ ಪುಕ್ಕಟೆ ಇಡ್ತಿದ್ದ ಹಳೇ ಜಾಹೀರಾತು ಪೋಸ್ಟ್‌ಕಾರ್ಡ್ ಕೂಡಿಹಾಕೋ ಚಟ ಇರೋರು ಕೊಡಗಲ್ಲಿ ಮನೆ ಮಾಡ್ಬಾರ್ದು ಕಣ್ರೀ. ಜೂನ್ ಬಂತಂದ್ರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು. ಒಲೆ ಮೇಲೆ ಅಟ್ಟದಲ್ಲಿಡು ಅಂತ ಮನೇಲಿ ಸಲಹೆ ಕೊಟ್ರು, ಅಲ್ಲಿಟ್ರೆ ಕಾರ್ಡಲ್ಲಿರೋ ಷಿಕಾಗೋ ಹೋಟೆಲೆಲ್ಲ ಹೊಗೆಗೆ ಕಟ್ಟಿದ ಹಂದಿಮಾಂಸದ ಬಣ್ಣಕ್ಕೆ ಬರುತ್ತೆ ಅಷ್ಟೇ. ಈಗ ಬೀರು ಒಳಗೆ ಒಂದು ಬಲ್ಬು ಉರೀತಾನೇ ಇರುತ್ತೆ, ಕರೆಂಟ್ ಇದ್ದಾಗ.

ನಂಗೆ ಪ್ರಾಣ ಅಂದ್ರೆ ಲಿನನ್ ಕಾರ್ಡು, ಅಮೆರಿಕದಲ್ಲಿ 1930ರಿಂದ ಒಂದಿಪ್ಪತ್ತು ವರ್ಷ ಅವುಗಳದ್ದೇ ಕಾರುಬಾರು. ಬಟ್ಟೆಯಲ್ಲ, ಕಾಗದವೇ, ಮೇಲೆ ನೇಯ್ಗೆ ಥರ ಗೆರೆ ಒತ್ತಿರ್ತಾರೆ, ಬೆರಳಾಡಿಸಿದ್ರೆ ತರಿತರಿ. ಷಿಕಾಗೋದ ಕರ್ಟ್ ಟೈಕ್ ಕಂಪನಿ ಇದ್ರಲ್ಲಿ ದೊಡ್ಡ ಕುಳ. ಮೂಲ ಫೋಟೋ ಕಪ್ಪುಬಿಳುಪು, ಬಣ್ಣ ಎಲ್ಲ ಆಮೇಲೆ ಕೂತು ಹಾಕಿದ್ದು, ಕರೆಂಟ್ ಕಂಬ, ತಂತಿ, ಪಕ್ಕದ ಹಳೇ ಕಟ್ಟಡ ಬೇಡ ಅಂದ್ರೆ ಒರೆಸಿಬಿಡೋರು. ಅವರ ಕಾರ್ಡಲ್ಲಿ 5ಎ-ಎಚ್ ಅಂತ ಶುರುವಾಗೋ ನಂಬರ್ ಇದ್ರೆ ಅದು 1935ರದ್ದು. ಎ ಅಂದ್ರೆ ಮೂವತ್ತರ ದಶಕ, ಬಿ ಅಂದ್ರೆ ನಲವತ್ತರದ್ದು. ಇದು ಗೊತ್ತಾದ್ಮೇಲೆ ಕಾರ್ಡಿನ ಚಿತ್ರಕ್ಕಿಂತ ಮೊದ್ಲು ಮೂಲೆ ನೋಡೋ ಅಭ್ಯಾಸ ಬಂದ್ಬಿಟ್ಟಿದೆ.

ಜಂಬ ಅಂತೂ ಕೇಳ್ಬೇಡಿ. 1927ರಲ್ಲಿ ಶುರುವಾದ ಷಿಕಾಗೋದ ಸ್ಟೀವನ್ಸ್ ಹೋಟೆಲ್ 3000 ರೂಮು ಅಂತ ಎದೆ ತಟ್ಕೊಳ್ತಿತ್ತು. ಇನ್ನು ಕೆಲವ್ರದ್ದು ಫೈರ್‌ಪ್ರೂಫ್ ಅನ್ನೋ ಜಂಬ. ಅಟ್ಲಾಂಟಾದ ವೈನ್‌ಕಾಫ್ ಹೋಟೆಲ್ಲೂ ಹಾಗೇ ಹೇಳ್ಕೊಂಡಿತ್ತು, 1946ರ ಡಿಸೆಂಬರ್ 7ರಂದು ಅಲ್ಲಿ ಬೆಂಕಿ ಬಿದ್ದು 119 ಜನ ಸತ್ರು. ಕಟ್ಟಡ ಮಾತ್ರ ನಿಂತೇ ಇತ್ತು, ಅಂದ್ರೆ ಜಾಹೀರಾತು ಹೇಳಿದ್ದು ಒಂಥರಾ ನಿಜವೇ, ಒಳಗಿದ್ದೋರ ವಿಷ್ಯ ಅವ್ರು ಹೇಳಿರ್ಲಿಲ್ಲ ಅಷ್ಟೇ.

ಬರೀದೇ ಹಾಗೇ ಉಳಿದ ಕಾರ್ಡಿಗೆ ಮಾರೋರು ಜಾಸ್ತಿ ಕೇಳ್ತಾರೆ, ನಂಗೆ ಬರೆದದ್ದೇ ಮೇಲು. ಎಷ್ಟೋ ಕಾರ್ಡಲ್ಲಿ ಏಳನೇ ಮಾಳಿಗೆಯ ಯಾವುದೋ ಕಿಟಕಿ ಮೇಲೆ ಪೆನ್ನಲ್ಲಿ ಇಂಟು ಮಾರ್ಕ್ ಇರುತ್ತೆ, ಹಿಂದೆ 'ಇದೇ ನಮ್ಮ ರೂಮು' ಅಂತ ಒಂದು ಸಾಲು. ಅಷ್ಟು ಖರ್ಚು ಮಾಡಿ ಆಕಾಶ ಎಲ್ಲ ನೀಲಿ ಮಾಡ್ಸಿರೋ ಓನರ್ ಇದನ್ನ ನೋಡಿದ್ರೆ ಉರ್ಕೊಳ್ತಿದ್ದ.

ನಮ್ಮ ಹೋಂಸ್ಟೇಗಳೂ ಏನು ಕಮ್ಮಿ ಇಲ್ಲ ಬಿಡಿ. ಕಾರ್ಡ್ ಯಾರೂ ಹಾಕ್ಸಲ್ಲ, ಫೋಟೋ ಹಾಕ್ತಾರೆ, ಅದ್ರಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಮಂಜು, ಕಾಫಿ ತೋಟ ಪೂರ್ತಿ ಹೂವು, ಹೂವು ನಿಲ್ಲೋದೇ ಕೆಲವು ದಿನ ಅನ್ನೋದು ಬೇರೆ ಮಾತು. ಜಿಗಣೆ ಇರೋ ಫೋಟೋ ಮಾತ್ರ ಇವತ್ತಿನವರೆಗೂ ನಾನು ನೋಡಿಲ್ಲ.